ಮೂಳೆಗಿಳಿಯುವ ಆಮ್ಲ: ಪ್ರಯೋಗಾಲಯದ ಬಾಟಲಿಯಲ್ಲಿರುವ ಅಪಾಯ

ಆಮ್ಲ ಮೈಮೇಲೆ ಬಿದ್ದರೆ ಆ ಕ್ಷಣವೇ ಉರಿಯುತ್ತದೆ, ಚರ್ಮ ಸುಡುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಪ್ರೌಢಶಾಲೆಯ ರಸಾಯನಶಾಸ್ತ್ರದ ಮೊದಲ ಪಾಠದಲ್ಲೇ ಗಂಧಕಾಮ್ಲ, ನೈಟ್ರಿಕ್ ಆಮ್ಲ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಬಗ್ಗೆ ಈ ಎಚ್ಚರಿಕೆಯನ್ನು ನೀಡಲಾಗುತ್ತದೆ. ಈ ಮೂರೂ ಆಮ್ಲಗಳು ಒಂದರ್ಥದಲ್ಲಿ ಪ್ರಾಮಾಣಿಕವಾದವು. ತಗುಲಿದ ತಕ್ಷಣವೇ ನೋವನ್ನು ಕೊಟ್ಟು ತಮ್ಮ ಇರವನ್ನು ತಿಳಿಸುತ್ತವೆ; ಮನುಷ್ಯ ಕೂಡಲೇ ನಲ್ಲಿಯ ಬಳಿಗೆ ಓಡುತ್ತಾನೆ.

ಆದರೆ ಪ್ರಯೋಗಾಲಯಗಳ ಕಪಾಟಿನಲ್ಲಿ ಇವುಗಳ ಪಕ್ಕದಲ್ಲೇ, ಗಾಜಿನ ಬದಲು ಪ್ಲಾಸ್ಟಿಕ್ ಬಾಟಲಿಯಲ್ಲಿ, ಮತ್ತೊಂದು ಆಮ್ಲ ಇರುತ್ತದೆ. ನೋಡಲು ನೀರಿನಂತೆಯೇ ಇರುವ ಇದು ತೆಳುವಾದ ದ್ರಾವಣದ ರೂಪದಲ್ಲಿ ಕೈಗೆ ತಗುಲಿದರೆ ಹಲವು ಗಂಟೆಗಳವರೆಗೆ ನೋವೇ ಕಾಣಿಸದಿರಬಹುದು. ನೋವು ಆರಂಭವಾಗುವ ಹೊತ್ತಿಗೆ ಅದು ಚರ್ಮವನ್ನು ದಾಟಿ, ಮಾಂಸವನ್ನು ದಾಟಿ, ಮೂಳೆಯವರೆಗೂ ಇಳಿದಿರುತ್ತದೆ. ಗಾಯ ದೊಡ್ಡದಾಗಿದ್ದರೆ ಹೃದಯವನ್ನೇ ನಿಲ್ಲಿಸಬಲ್ಲದು. ಇದರ ಹೆಸರು ಹೈಡ್ರೋಫ್ಲೋರಿಕ್ ಆಮ್ಲ.

ಇದನ್ನು ಬಳಸುವವರಿಗೆ ತಿಳಿದಿರಬೇಕಾದದ್ದು, ಇದನ್ನು ಉಳಿದ ಆಮ್ಲಗಳ ಸಾಲಿಗೆ ಸೇರಿಸಿ ನೋಡಕೂಡದು ಎಂಬುದು. ಇತರ ಆಮ್ಲಗಳಿಗೆ ಸಾಕಾಗುವ ಎಚ್ಚರಿಕೆ, ಕೈಗವಸು ಮತ್ತು ಪ್ರಥಮ ಚಿಕಿತ್ಸೆ ಇದಕ್ಕೆ ಸಾಲುವುದಿಲ್ಲ.

ಎಲ್ಲೆಲ್ಲಿ ಬಳಕೆ?

ಗಾಜು, ಮರಳು ಮತ್ತು ಬಹುತೇಕ ಶಿಲೆಗಳ ಮೂಲವಸ್ತು ಸಿಲಿಕಾ. ಇತರ ಸಾಮಾನ್ಯ ಆಮ್ಲಗಳಿಗೆ ಕರಗದ ಈ ಸಿಲಿಕಾವನ್ನು ಕರಗಿಸಬಲ್ಲ ಸಾಮರ್ಥ್ಯವೇ ಹೈಡ್ರೋಫ್ಲೋರಿಕ್ ಆಮ್ಲದ ವೈಶಿಷ್ಟ್ಯ. ಇದನ್ನು ಗಾಜಿನ ಬಾಟಲಿಯಲ್ಲಿ ಇಡಲಾಗದಿರುವುದಕ್ಕೆ ಕಾರಣವೂ ಅದೇ.

ಈ ಗುಣದಿಂದಾಗಿ ಅದಕ್ಕೆ ಹಲವು ಕ್ಷೇತ್ರಗಳಲ್ಲಿ ಬೇಡಿಕೆಯಿದೆ. ಭೂವಿಜ್ಞಾನಿಗಳು ಬಂಡೆಯ ಪುಡಿಯನ್ನು ಕರಗಿಸಿ, ಅದರಲ್ಲಿರುವ ಧಾತುಗಳನ್ನು ಅಳೆದು, ಶಿಲೆಯ ವಯಸ್ಸನ್ನು ನಿರ್ಧರಿಸುತ್ತಾರೆ. ಬೆಂಗಳೂರಿನ ಲಾಲ್‌ಬಾಗಿನ ಗುಡ್ಡದಂತಹ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯ ಶಿಲೆಗಳ ಅಧ್ಯಯನದಲ್ಲಿ ಇಂತಹ ವಿಧಾನಗಳು ಮುಖ್ಯವಾದವು. ಕಲ್ಲಿನೊಳಗೆ ಹುದುಗಿದ ಪ್ರಾಚೀನ ಪರಾಗಕಣಗಳನ್ನು ಬಿಡಿಸಿ ತೆಗೆಯಲು ಕೂಡ ಇದೇ ಆಮ್ಲ ಬೇಕು. ಸಿಲಿಕಾನ್ ಬಿಲ್ಲೆಗಳ ಮೇಲೆ ಎಲೆಕ್ಟ್ರಾನಿಕ್ ಮಂಡಲಗಳನ್ನು ರೂಪಿಸುವಾಗ ಆಕ್ಸೈಡ್ ಪದರವನ್ನು ಸವೆಸಲು ಇದನ್ನು ಬಳಸಲಾಗುತ್ತದೆ. ಕೇಂದ್ರ ಸರ್ಕಾರವು 2021ರ ಡಿಸೆಂಬರ್‌ನಲ್ಲಿ 76,000 ಕೋಟಿ ರೂಪಾಯಿಗಳ ಅರೆವಾಹಕ ಉದ್ಯಮ ಯೋಜನೆಗೆ ಒಪ್ಪಿಗೆ ನೀಡಿದ ನಂತರ ಈ ಕ್ಷೇತ್ರದ ತರಬೇತಿಗೂ ಸಂಶೋಧನೆಗೂ ಒತ್ತು ದೊರೆತಿದೆ. ಅಂದರೆ ಈ ಆಮ್ಲದ ಹತ್ತಿರ ಕೆಲಸ ಮಾಡುವ ಯುವಜನರ ಸಂಖ್ಯೆ ಹೆಚ್ಚುತ್ತಲೇ ಹೋಗುತ್ತದೆ.

ಪ್ರಯೋಗಾಲಯದ ಹೊರಗೂ ಇದರ ಬಳಕೆಯಿದೆ. ಸ್ಟೇನ್‌ಲೆಸ್ ಸ್ಟೀಲ್ ವೆಲ್ಡಿಂಗ್ ಮಾಡಿದ ಮೇಲೆ ಕಪ್ಪು ಕಲೆ ತೆಗೆಯಲು ಹಚ್ಚುವ ಪೇಸ್ಟ್‌ನಲ್ಲಿ ನೈಟ್ರಿಕ್ ಆಮ್ಲದೊಂದಿಗೆ ಹೈಡ್ರೋಫ್ಲೋರಿಕ್ ಆಮ್ಲವೂ ಇರುತ್ತದೆ. ಗಾಜಿನ ಮೇಲೆ ಚಿತ್ತಾರ ಬಿಡಿಸುವವರು ಇದನ್ನೋ ಇದರ ಲವಣಗಳನ್ನೋ ಬಳಸುತ್ತಾರೆ. ಬಟ್ಟೆಯ ತುಕ್ಕಿನ ಕಲೆ ತೆಗೆಯುವ ಕೆಲವು ದ್ರಾವಣಗಳಲ್ಲಿ, ವಾಹನದ ಚಕ್ರಗಳನ್ನು ಬೆಳಗುವ ಕೆಲವು ಶುಚಿಕಾರಕಗಳಲ್ಲಿ ಸಹ ಇದು ತೆಳುವಾದ ರೂಪದಲ್ಲಿ ಇರುವುದುಂಟು. ಇಂಥ ಕಡೆಗಳಲ್ಲಿ ಕೆಲಸ ಮಾಡುವವರಿಗೆ ತಾವು ಮುಟ್ಟುತ್ತಿರುವುದು ಏನೆಂಬುದೇ ಎಷ್ಟೋ ವೇಳೆ ತಿಳಿದಿರುವುದಿಲ್ಲ.

ವಿಜ್ಞಾನಿಗಳನ್ನೇ ಬಲಿ ಪಡೆದ ಇತಿಹಾಸ

ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಕಾರ್ಲ್ ವಿಲ್ಹೆಲ್ಮ್ ಶೀಲೆ 1771ರಲ್ಲಿ ಫ್ಲೋರ್‌ಸ್ಪಾರ್ ಎಂಬ ಖನಿಜದೊಂದಿಗೆ ಗಂಧಕಾಮ್ಲವನ್ನು ಸೇರಿಸಿ ಕಾಯಿಸಿದಾಗ ಹೊರಬಂದ ಆವಿಯು ಗಾಜಿನ ಪಾತ್ರೆಯನ್ನೇ ಸವೆಸಿದ್ದನ್ನು ಗಮನಿಸಿದರು. ಇಂದಿಗೂ ಕಾರ್ಖಾನೆಗಳಲ್ಲಿ ಈ ಆಮ್ಲವನ್ನು ತಯಾರಿಸುವುದು ಮುಖ್ಯವಾಗಿ ಇದೇ ಕ್ರಮದಲ್ಲಿ.

ಈ ಆಮ್ಲದಲ್ಲಿ ಹೊಸ ಧಾತುವೊಂದು ಅಡಗಿದೆ ಎಂದು ಊಹಿಸಿದ ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳು ಅದನ್ನು ಬೇರ್ಪಡಿಸಲು ಹೊರಟು ಭಾರೀ ಬೆಲೆ ತೆತ್ತರು. ಇಂಗ್ಲೆಂಡಿನ ಹಂಫ್ರಿ ಡೇವಿಯ ಆರೋಗ್ಯ ಕೆಟ್ಟಿತು. ಐರ್ಲೆಂಡಿನ ನಾಕ್ಸ್ ಸೋದರರು ತೀವ್ರ ವಿಷಬಾಧೆಗೆ ಒಳಗಾದರು. ಬೆಲ್ಜಿಯಂನ ಪೋಲಿನ್ ಲೂಯೆ ಮತ್ತು ಫ್ರಾನ್ಸಿನ ಜೆರೋಮ್ ನಿಕ್ಲೆ ಪ್ರಾಣವನ್ನೇ ಕಳೆದುಕೊಂಡರು. ಕೊನೆಗೆ 1886ರ ಜೂನ್‌ನಲ್ಲಿ ಫ್ರಾನ್ಸಿನ ಆಂರಿ ಮ್ವಾಸಾನ್ ಫ್ಲೋರೀನ್ ಅನಿಲವನ್ನು ಬೇರ್ಪಡಿಸುವಲ್ಲಿ ಯಶಸ್ವಿಯಾದರು. 1906ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಆ ಕಾಲದ ಸಂಶೋಧಕರಿಗೆ ಈ ಆಮ್ಲ ದೇಹದೊಳಗೆ ಏನು ಮಾಡುತ್ತದೆಂಬುದು ತಿಳಿದಿರಲಿಲ್ಲ. ಇಂದು ತಿಳಿದಿದೆ. ಆದ್ದರಿಂದ ಇಂದಿನ ಅಪಘಾತಗಳಿಗೆ ಅಜ್ಞಾನದ ನೆಪವಿಲ್ಲ.

‘ದುರ್ಬಲ’ ಎಂಬ ಹೆಸರಿನ ಮೋಸ

ರಸಾಯನಶಾಸ್ತ್ರದ ಪಠ್ಯಪುಸ್ತಕಗಳು ಹೈಡ್ರೋಫ್ಲೋರಿಕ್ ಆಮ್ಲವನ್ನು ‘ದುರ್ಬಲ ಆಮ್ಲ’ಗಳ ಪಟ್ಟಿಯಲ್ಲಿ ಸೇರಿಸುತ್ತವೆ. ವಿದ್ಯಾರ್ಥಿಗಳು ದಾರಿ ತಪ್ಪುವುದು ಇಲ್ಲಿಯೇ. ಈ ಮಾತಿಗೂ ಅಪಾಯದ ಪ್ರಮಾಣಕ್ಕೂ ಸಂಬಂಧವಿಲ್ಲ. ನೀರಿನಲ್ಲಿ ಬೆರೆತಾಗ ಆಮ್ಲದ ಅಣುಗಳು ಎಷ್ಟರಮಟ್ಟಿಗೆ ಒಡೆದು ಅಯಾನುಗಳಾಗುತ್ತವೆ ಎಂಬುದನ್ನಷ್ಟೇ ಅದು ಸೂಚಿಸುತ್ತದೆ. ಹೈಡ್ರೋಕ್ಲೋರಿಕ್ ಆಮ್ಲದ ಅಣುಗಳು ನೀರಿನಲ್ಲಿ ಬಹುತೇಕ ಪೂರ್ಣವಾಗಿ ಒಡೆಯುತ್ತವೆ. ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಬಹುಪಾಲು ಅಣುಗಳು ಒಡೆಯದೆ ಇಡಿಯಾಗಿಯೇ ಉಳಿಯುತ್ತವೆ.

ಆ ದೌರ್ಬಲ್ಯವೇ ಇದರ ಅಸ್ತ್ರ. ವಿದ್ಯುದಾವೇಶ ಹೊಂದಿದ ಅಯಾನುಗಳಿಗೆ ಚರ್ಮ ಮತ್ತು ಜೀವಕೋಶಗಳ ಕೊಬ್ಬಿನ ಪೊರೆ ಸುಲಭವಾಗಿ ದಾರಿ ಬಿಡುವುದಿಲ್ಲ. ಆದರೆ ಒಡೆಯದೆ ಉಳಿದ, ಆವೇಶವಿಲ್ಲದ, ಅತಿ ಚಿಕ್ಕದಾದ ಹೈಡ್ರೋಜನ್ ಫ್ಲೋರೈಡ್ ಅಣು ಆ ಪೊರೆಯನ್ನು ನಿರಾಯಾಸವಾಗಿ ದಾಟುತ್ತದೆ. ಗಂಧಕಾಮ್ಲವು ಚರ್ಮದ ಮೇಲ್ಪದರವನ್ನು ಸುಟ್ಟು ಅಲ್ಲಿಯೇ ಬಹುಮಟ್ಟಿಗೆ ನಿಲ್ಲುತ್ತದೆ. ಹೈಡ್ರೋಫ್ಲೋರಿಕ್ ಆಮ್ಲ ಮೇಲ್ಪದರವನ್ನು ಹೆಚ್ಚು ಕೆಡಿಸದೆಯೇ ಒಳಗಿಳಿಯುತ್ತದೆ. ಒಳಗೆ ಸೇರಿದ ಮೇಲೆ ಒಡೆದು ಫ್ಲೋರೈಡ್ ಅಯಾನುಗಳನ್ನು ಬಿಡುಗಡೆ ಮಾಡುತ್ತದೆ. ನಿಜವಾದ ವಿಷ ಆ ಫ್ಲೋರೈಡ್.

ಕ್ಯಾಲ್ಸಿಯಂ ಎಂಬ ಗುರಿ

ಫ್ಲೋರೈಡ್‌ಗೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳ ಮೇಲೆ ಪ್ರಬಲವಾದ ಆಕರ್ಷಣೆಯಿದೆ. ಅದು ಕ್ಯಾಲ್ಸಿಯಂನೊಡನೆ ಸೇರಿದಾಗ ಕರಗದ ಕ್ಯಾಲ್ಸಿಯಂ ಫ್ಲೋರೈಡ್ ಉಂಟಾಗುತ್ತದೆ. ಶೀಲೆ ಕಾಯಿಸಿದ ಫ್ಲೋರ್‌ಸ್ಪಾರ್ ಎಂದರೆ ಇದೇ ವಸ್ತು. ಖನಿಜದಿಂದ ಹುಟ್ಟಿದ ಆಮ್ಲವು ಮನುಷ್ಯನ ದೇಹದ ಕ್ಯಾಲ್ಸಿಯಂ ಅನ್ನು ಕಸಿದುಕೊಂಡು ಮತ್ತೆ ಅದೇ ಖನಿಜದ ರೂಪ ತಾಳುತ್ತದೆ.

ಕ್ಯಾಲ್ಸಿಯಂ ಎಂದರೆ ಮೂಳೆಗೆ ಮಾತ್ರ ಬೇಕಾದ ವಸ್ತುವೆಂಬ ಭಾವನೆ ಸಾಮಾನ್ಯ. ಆದರೆ ರಕ್ತದಲ್ಲಿ ಕರಗಿರುವ ಅಲ್ಪ ಪ್ರಮಾಣದ ಕ್ಯಾಲ್ಸಿಯಂ ಇಲ್ಲದಿದ್ದರೆ ಸ್ನಾಯುಗಳು ಸರಿಯಾಗಿ ಕೆಲಸ ಮಾಡವು, ನರಗಳ ಸಂದೇಶ ಸಾಗದು, ಹೃದಯದ ಲಯ ತಪ್ಪುತ್ತದೆ. ಹೈನುಗಾರರಿಗೆ ಇದು ಹೊಸ ವಿಷಯವಲ್ಲ. ಹೆಚ್ಚು ಹಾಲು ಕೊಡುವ ಹಸು ಕರು ಹಾಕಿದ ಒಂದೆರಡು ದಿನಗಳಲ್ಲಿ ಮೇಲೇಳಲಾರದೆ ಕುಸಿದು ಮಲಗುವುದುಂಟು. ಹಾಲುಜ್ವರವೆಂದು ಕರೆಯುವ ಈ ಸ್ಥಿತಿಗೆ ಕಾರಣ, ಕ್ಯಾಲ್ಸಿಯಂ ಹಾಲಿಗೆ ಹರಿದುಹೋಗಿ ರಕ್ತದಲ್ಲಿ ಅದರ ಮಟ್ಟ ಇಳಿಯುವುದು. ಪಶುವೈದ್ಯರು ರಕ್ತನಾಳಕ್ಕೆ ಕ್ಯಾಲ್ಸಿಯಂ ದ್ರಾವಣ ಕೊಟ್ಟ ಸ್ವಲ್ಪ ಹೊತ್ತಿನಲ್ಲಿಯೇ ಹಸು ಎದ್ದು ನಿಲ್ಲುತ್ತದೆ. ಹೈಡ್ರೋಫ್ಲೋರಿಕ್ ಆಮ್ಲದ ವಿಷಬಾಧೆಯಲ್ಲಿ ಮನುಷ್ಯನ ರಕ್ತಕ್ಕೂ ಒದಗುವುದು ಇದೇ ಕೊರತೆ. ಆದರೆ ಇಲ್ಲಿ ಅದು ಇನ್ನೂ ವೇಗವಾಗಿ ಬರುತ್ತದೆ, ಮೆಗ್ನೀಸಿಯಂ ಕೂಡ ಕುಸಿಯುತ್ತದೆ, ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಚೆಲ್ಲುತ್ತದೆ. ಈ ಮೂರೂ ಸೇರಿದಾಗ ಹೃದಯದ ಲಯ ಏಕಾಏಕಿ ಕೆಡಬಹುದು.

ಒಂದು ಸರಳ ಲೆಕ್ಕ ಇದನ್ನು ಮನದಟ್ಟು ಮಾಡಿಸುತ್ತದೆ. ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಶೇ. 40ರ ದ್ರಾವಣದ ಒಂದು ಟೀ ಚಮಚದಲ್ಲಿ, ಅಂದರೆ 5 ಮಿಲಿಲೀಟರ್‌ನಲ್ಲಿ, ಸುಮಾರು 2 ಗ್ರಾಂ ಫ್ಲೋರೈಡ್ ಇರುತ್ತದೆ. ಅದು ಪೂರ್ತಿಯಾಗಿ ಸೇರಿಕೊಂಡರೆ 2 ಗ್ರಾಂಗಿಂತ ತುಸು ಹೆಚ್ಚು ಕ್ಯಾಲ್ಸಿಯಂ ಅನ್ನು ಬಂಧಿಸಬಲ್ಲದು. ವಯಸ್ಕನೊಬ್ಬನ ರಕ್ತದ್ರವ ಹಾಗೂ ಜೀವಕೋಶಗಳ ಹೊರಗಿನ ಎಲ್ಲ ದ್ರವಗಳಲ್ಲಿರುವ ಕ್ಯಾಲ್ಸಿಯಂನ ಒಟ್ಟು ಮೊತ್ತ ಸುಮಾರು 1 ಗ್ರಾಂ. ಮೂಳೆಗಳಲ್ಲಿ ಒಂದು ಕಿಲೋಗ್ರಾಂನಷ್ಟು ಕ್ಯಾಲ್ಸಿಯಂ ದಾಸ್ತಾನಿದ್ದರೂ ಅದು ಬೇಕಾದಷ್ಟು ಬೇಗ ರಕ್ತಕ್ಕೆ ಒದಗುವುದಿಲ್ಲ. ಚರ್ಮದ ಮೇಲೆ ಬಿದ್ದ ಆಮ್ಲವೆಲ್ಲವೂ ಒಳಗೆ ಹೋಗುವುದಿಲ್ಲವೆಂಬುದು ನಿಜ. ಆದರೂ ಈ ಲೆಕ್ಕದಲ್ಲಿ ನಮ್ಮ ಕಡೆಗಿರುವ ಅಂತರ ಎಷ್ಟು ಕಡಿಮೆಯೆಂಬುದು ಸ್ಪಷ್ಟ. ತೀವ್ರ ಸಾಂದ್ರತೆಯ ಆಮ್ಲವು ದೇಹದ ಮೇಲ್ಮೈಯ ಶೇ. 2.5ರಷ್ಟು ಭಾಗಕ್ಕೆ ತಗುಲಿ ಸಾವು ಸಂಭವಿಸಿದ ಪ್ರಕರಣ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿದೆ. ಬೆರಳುಗಳೂ ಸೇರಿದಂತೆ ನಮ್ಮ ಒಂದು ಅಂಗೈಯ ವಿಸ್ತಾರ ದೇಹದ ಶೇ. 1ರಷ್ಟು. ಅಂದರೆ ಎರಡೂವರೆ ಅಂಗೈಯಷ್ಟು ಜಾಗ!

ಪಾವಗಡ, ಮುಂಡರಗಿ, ಕೋಲಾರ ಮುಂತಾದ ಕಡೆಗಳಲ್ಲಿ ಕೊಳವೆಬಾವಿಯ ನೀರಿನಿಂದ ಹಲ್ಲು ಹಳದಿಗಟ್ಟಿ, ಮೂಳೆ ಬಾಗಿದವರನ್ನು ಕಂಡಿರುವ ಕನ್ನಡಿಗರಿಗೆ ಫ್ಲೋರೈಡ್ ಹೊಸ ಹೆಸರಲ್ಲ. ಅಲ್ಲಿ ಲೀಟರಿಗೆ ಕೆಲವೇ ಮಿಲಿಗ್ರಾಂಗಳಷ್ಟು ಫ್ಲೋರೈಡ್ ವರ್ಷಾನುಗಟ್ಟಲೆ ದೇಹ ಸೇರಿ ಮಾಡುವ ಹಾನಿಯದು. ಪ್ರಯೋಗಾಲಯದ ಬಾಟಲಿಯಲ್ಲಿ ಅದೇ ಫ್ಲೋರೈಡ್ ಲಕ್ಷ ಪಟ್ಟು ಸಾಂದ್ರವಾಗಿರುತ್ತದೆ.

ತಡವಾಗಿ ಬರುವ ನೋವು

ಆಮ್ಲದ ಸಾಂದ್ರತೆಗೆ ಅನುಗುಣವಾಗಿ ನೋವು ಕಾಣಿಸಿಕೊಳ್ಳುವ ಸಮಯ ಬದಲಾಗುತ್ತದೆ. ಶೇ. 50ಕ್ಕಿಂತ ಹೆಚ್ಚಿನ ಸಾಂದ್ರತೆಯಿದ್ದರೆ ತಕ್ಷಣವೇ ಉರಿ, ನೋವು ಉಂಟಾಗಿ ಚರ್ಮ ಬಿಳಿಚುತ್ತದೆ. ಶೇ. 20ರಿಂದ 50ರವರೆಗಿನ ದ್ರಾವಣ ತಗುಲಿದಾಗ ಒಂದರಿಂದ ಎಂಟು ಗಂಟೆಗಳ ನಂತರ ನೋವು ಶುರುವಾಗಬಹುದು. ಶೇ. 20ಕ್ಕಿಂತ ತೆಳುವಾದ ದ್ರಾವಣವಾದರೆ 24 ಗಂಟೆಗಳವರೆಗೂ ಏನೂ ಅನ್ನಿಸದಿರಬಹುದು.

ಮಧ್ಯಾಹ್ನ ಬೆರಳಿಗೆ ತಗುಲಿದ ಹನಿಯನ್ನು ನೀರೆಂದು ಭಾವಿಸಿ ಒರೆಸಿಕೊಂಡ ವಿದ್ಯಾರ್ಥಿ ಸಂಜೆ ಹಾಸ್ಟೆಲಿಗೆ ಹೋಗಿ ಮಲಗಿ, ನಡುರಾತ್ರಿ ಸಹಿಸಲಾಗದ ನೋವಿನಿಂದ ಏಳುವ ಸಾಧ್ಯತೆಯಿರುವುದು ಹೀಗೆ. ಬೆರಳು ನೋಡಿದರೆ ಹೆಚ್ಚೇನೂ ಕಾಣದು, ಸ್ವಲ್ಪ ಕೆಂಪಾಗಿರಬಹುದು. ಆದರೆ ನೋವು ಮಾತ್ರ ಗಾಯದ ರೂಪಕ್ಕೆ ಸಂಬಂಧವೇ ಇಲ್ಲದಷ್ಟು ತೀವ್ರವಾಗಿರುತ್ತದೆ. ಒಳಗೆ ಅಂಗಾಂಶ ಸಾಯುತ್ತಿರುವುದರ ಸೂಚನೆಯದು. ಆ ವೇಳೆಯಲ್ಲಿ ಆಸ್ಪತ್ರೆಗೆ ಹೋದರೂ ಹಗಲಿನ ಸಂಗತಿಯನ್ನು ಆತ ಹೇಳದಿದ್ದರೆ ವೈದ್ಯರಿಗೆ ಕಾರಣ ಹೊಳೆಯುವುದು ಕಷ್ಟ. ಆದ್ದರಿಂದ ಈ ಆಮ್ಲದ ಬಳಿ ಕೆಲಸ ಮಾಡಿದವರು ಮಾರನೆಯ ದಿನದವರೆಗೂ ಅದನ್ನು ಮರೆಯಬಾರದು. ವಿವರಿಸಲಾಗದ ನೋವು ಕಂಡರೆ ಆಮ್ಲದ ಹೆಸರನ್ನು ವೈದ್ಯರಿಗೆ ಮೊದಲು ತಿಳಿಸಬೇಕು.

ಪರ್ತ್ ನಗರದ ಒಂದು ಪಾಠ

ಪ್ರಯೋಗಾಲಯ ಸುರಕ್ಷತೆಯ ತರಬೇತಿಗಳಲ್ಲಿ ಮತ್ತೆ ಮತ್ತೆ ಪ್ರಸ್ತಾಪವಾಗುವ ಘಟನೆಯೊಂದು 1994ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ನಡೆಯಿತು. ಶಿಲೆಗಳಿಂದ ಪರಾಗಕಣಗಳನ್ನು ಬೇರ್ಪಡಿಸುವ ಪ್ರಯೋಗಾಲಯದಲ್ಲಿ 37 ವರ್ಷದ ತಂತ್ರಜ್ಞರೊಬ್ಬರು, ವಿಷಾನಿಲವನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನ ಮುಂದೆ ಕೆಲಸ ಮಾಡುತ್ತಿದ್ದಾಗ ಶೇ. 70ರ ಹೈಡ್ರೋಫ್ಲೋರಿಕ್ ಆಮ್ಲ ಅವರ ತೊಡೆಗಳ ಮೇಲೆ ಚೆಲ್ಲಿತು. ಚೆಲ್ಲಿದ್ದು 100ರಿಂದ 230 ಮಿಲಿಲೀಟರ್ ಎಂದು ಅಂದಾಜು. ಅಂದರೆ ಹೆಚ್ಚೆಂದರೆ ಒಂದು ಲೋಟ.

ಅವರು ಕೈಗವಸು ಮತ್ತು ತೋಳುಗವಸುಗಳನ್ನು ಧರಿಸಿದ್ದರು. ಆದರೆ ಆಮ್ಲ ಬಿದ್ದದ್ದು ಕೈಗಳ ಮೇಲಲ್ಲ. ನೀರಿನ ಕೊಳವೆಯಿಂದ ತೊಳೆದುಕೊಂಡರು. ನಂತರ ಕಟ್ಟಡದ ಹಿಂದಿದ್ದ ಈಜುಕೊಳಕ್ಕೆ ಧುಮುಕಿ, ಆಂಬುಲೆನ್ಸ್ ಬರುವವರೆಗೆ ಅರ್ಧ ಗಂಟೆಗೂ ಹೆಚ್ಚು ಕಾಲ ಅದರಲ್ಲೇ ಇದ್ದರು. ತೊಳೆಯುವಾಗ ಆಮ್ಲ ಹೀರಿದ ಬಟ್ಟೆಗಳನ್ನು ಕಳಚಿರಲಿಲ್ಲ. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಅಲ್ಲಿರಲಿಲ್ಲ. ದೇಹದ ಸುಮಾರು ಶೇ. 9ರಷ್ಟು ಭಾಗ ಸುಟ್ಟಿತ್ತು. ಆಸ್ಪತ್ರೆಯಲ್ಲಿ ಏಳನೆಯ ದಿನ ಅವರ ಬಲಗಾಲನ್ನು ಕತ್ತರಿಸಬೇಕಾಯಿತು. ಹದಿನೈದನೆಯ ದಿನ ಹಲವು ಅಂಗಗಳು ವಿಫಲಗೊಂಡು ಅವರು ಮೃತಪಟ್ಟರು.

ಬಿಸಿನೀರು ಅಥವಾ ಬೆಂಕಿಯಿಂದ ಶೇ. 9ರಷ್ಟು ಸುಟ್ಟ ಆರೋಗ್ಯವಂತ ವಯಸ್ಕರು ಸಾಮಾನ್ಯವಾಗಿ ಬದುಕುಳಿಯುತ್ತಾರೆ. ಇಲ್ಲಿ ಪ್ರಾಣ ತೆಗೆದದ್ದು ಸುಟ್ಟಗಾಯವಲ್ಲ, ರಕ್ತಕ್ಕಿಳಿದ ಫ್ಲೋರೈಡ್.

ಉಸಿರಿನ ದಾರಿ

ಚರ್ಮದಷ್ಟೇ ಶ್ವಾಸಕೋಶವೂ ಈ ಆಮ್ಲಕ್ಕೆ ಸುಲಭದ ತುತ್ತು. ನೀರಿಲ್ಲದ ಶುದ್ಧ ಹೈಡ್ರೋಜನ್ ಫ್ಲೋರೈಡ್ 19.5 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ಅಂದರೆ ನಮ್ಮ ಊರುಗಳ ಹಗಲಿನ ತಾಪಮಾನದಲ್ಲಿ ಅದು ಅನಿಲ. ಸಾಂದ್ರ ದ್ರಾವಣದ ಮುಚ್ಚಳ ತೆಗೆದರೆ ಬಿಳಿಯ ಹೊಗೆ ಏಳುತ್ತದೆ. ಗಾಳಿಯಲ್ಲಿ ಹತ್ತು ಲಕ್ಷ ಭಾಗಕ್ಕೆ 30 ಭಾಗದಷ್ಟಿದ್ದರೆ ಅದನ್ನು ಜೀವಕ್ಕೆ ತಕ್ಷಣದ ಅಪಾಯವೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. ಗಂಟಲು ಮತ್ತು ಶ್ವಾಸನಾಳ ಊದಿಕೊಂಡು ಉಸಿರು ಕಟ್ಟಬಹುದು. ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದು ಕೆಲವೊಮ್ಮೆ ಹಲವು ಗಂಟೆಗಳ ನಂತರ.

ದಕ್ಷಿಣ ಕೊರಿಯಾದ ಕೈಗಾರಿಕಾ ನಗರ ಗುಮಿಯಲ್ಲಿ 2012ರ ಸೆಪ್ಟೆಂಬರ್ 27ರಂದು ಟ್ಯಾಂಕರ್‌ನಿಂದ ಕಾರ್ಖಾನೆಗೆ ವರ್ಗಾಯಿಸುವಾಗ ಸುಮಾರು 8 ಟನ್ ಹೈಡ್ರೋಜನ್ ಫ್ಲೋರೈಡ್ ಸೋರಿತು. ಐವರು ಕಾರ್ಮಿಕರು ಸತ್ತರು. ಸಾವಿರಾರು ಜನ ಚಿಕಿತ್ಸೆ ಪಡೆದರು. ಸುತ್ತಲಿನ ಹೊಲಗಳ ಪೈರು ಬಾಡಿ ಒಣಗಿತು, ದನಕರುಗಳೂ ಅಸ್ವಸ್ಥಗೊಂಡವು. ಅಕ್ಟೋಬರ್‌ನಲ್ಲಿ ಸರ್ಕಾರ ಆ ಪ್ರದೇಶವನ್ನು ವಿಶೇಷ ವಿಪತ್ತು ವಲಯವೆಂದು ಘೋಷಿಸಬೇಕಾಯಿತು.

ತಗುಲಿದರೆ ಏನು ಮಾಡಬೇಕು?

ಈ ಆಮ್ಲ ತಗುಲಿತೆಂಬ ಅನುಮಾನ ಬಂದರೂ ಸಾಕು, ನೋವಿಗಾಗಿ ಕಾಯದೆ ಕ್ರಮ ಕೈಗೊಳ್ಳಬೇಕು.

ಮೊದಲನೆಯದಾಗಿ, ತಗುಲಿದ ಜಾಗಕ್ಕೆ ತಕ್ಷಣ ಧಾರಾಳವಾಗಿ ನೀರು ಹರಿಸಬೇಕು. ನೀರು ಹರಿಯುತ್ತಿರುವಾಗಲೇ ಬಟ್ಟೆ, ಬೂಟು, ಗಡಿಯಾರ, ಉಂಗುರಗಳನ್ನೆಲ್ಲ ತೆಗೆಯಬೇಕು. ಇಲ್ಲಿ ಸಂಕೋಚಕ್ಕೆ ಸ್ಥಳವಿಲ್ಲ. ನೆರವಾಗುವವರು ಕೈಗವಸು ಹಾಕಿಕೊಂಡೇ ಮುಟ್ಟಬೇಕು.

ಎರಡನೆಯದಾಗಿ, ಶೇ. 2.5ರ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚಬೇಕು. ಜೆಲ್ ಕೈಯಳತೆಯಲ್ಲಿದ್ದರೆ ಐದು ನಿಮಿಷ ತೊಳೆದು ಇದನ್ನು ಆರಂಭಿಸಬೇಕೆಂಬುದು ತಜ್ಞರ ಸಲಹೆ. ಇಲ್ಲದಿದ್ದರೆ ಆಸ್ಪತ್ರೆಗೆ ಹೊರಡುವ ವ್ಯವಸ್ಥೆಯಾಗುವವರೆಗೂ ತೊಳೆಯುತ್ತಿರಬೇಕು. ಕೈಗವಸು ಧರಿಸಿದ ಕೈಯಿಂದ ಜೆಲ್ ಅನ್ನು ತಿಕ್ಕುತ್ತಿರಬೇಕು, ಮತ್ತೆ ಮತ್ತೆ ಹೊಸದಾಗಿ ಹಚ್ಚುತ್ತಿರಬೇಕು. ಇದರ ತತ್ತ್ವ ಸರಳ. ಫ್ಲೋರೈಡ್ ಹುಡುಕುವ ಕ್ಯಾಲ್ಸಿಯಂ ಅನ್ನು ನಾವೇ ಹೊರಗಿನಿಂದ ಒದಗಿಸಿದರೆ ಅದು ದೇಹದ ಕ್ಯಾಲ್ಸಿಯಂಗೆ ಕೈಹಾಕುವುದು ತಪ್ಪುತ್ತದೆ.

ಮೂರನೆಯದಾಗಿ, ನೋವು ಪೂರ್ತಿ ಇಳಿದರೂ ಆಸ್ಪತ್ರೆಗೆ ಹೋಗಲೇಬೇಕು. ಬಾಟಲಿಯ ಚೀಟಿಯ ಚಿತ್ರ ಅಥವಾ ರಾಸಾಯನಿಕದ ಸುರಕ್ಷತಾ ಮಾಹಿತಿ ಪತ್ರ ಜೊತೆಗಿರಲಿ.

ಕಣ್ಣಿಗೆ ಬಿದ್ದರೆ ನೀರಿನಿಂದ ತೊಳೆಯುತ್ತಲೇ ಇರಬೇಕು. ಚರ್ಮಕ್ಕೆ ಹಚ್ಚುವ ಜೆಲ್ ಅನ್ನು ಕಣ್ಣಿಗೆ ಹಾಕಬಾರದು. ಆವಿ ಸೇವಿಸಿದವರನ್ನು ಶುದ್ಧ ಗಾಳಿಗೆ ಕರೆತರಬೇಕು. ಬಾಯಿಗೆ ಹೋಗಿದ್ದರೆ ವಾಂತಿ ಮಾಡಿಸಬಾರದು.

ಆಸ್ಪತ್ರೆಯಲ್ಲಿ ವೈದ್ಯರು ಇಸಿಜಿಯ ಮೂಲಕ ಹೃದಯದ ಲಯವನ್ನು ನಿರಂತರವಾಗಿ ಗಮನಿಸುತ್ತಾರೆ, ರಕ್ತದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಮಟ್ಟಗಳನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಅಗತ್ಯವಿದ್ದರೆ ಕ್ಯಾಲ್ಸಿಯಂ ಅನ್ನು ಗಾಯದ ಸುತ್ತ, ರಕ್ತನಾಳಕ್ಕೆ, ಬೆರಳುಗಳ ಗಾಯಕ್ಕಾದರೆ ಕೈಯ ಅಪಧಮನಿಗೂ ಕೊಡುವುದುಂಟು. ಒಂದು ವಿಶೇಷವೆಂದರೆ, ಜಾಗವನ್ನು ಮರಗಟ್ಟಿಸುವ ಚುಚ್ಚುಮದ್ದನ್ನು ಆರಂಭದಲ್ಲಿ ಸಾಮಾನ್ಯವಾಗಿ ಕೊಡುವುದಿಲ್ಲ. ನೋವು ಇಳಿಯಿತೇ ಎಂಬುದರಿಂದಲೇ ಕ್ಯಾಲ್ಸಿಯಂ ಸಾಕಾಯಿತೇ ಎಂಬುದು ವೈದ್ಯರಿಗೆ ತಿಳಿಯುತ್ತದೆ.

ಬಾಟಲಿ ತೆರೆಯುವ ಮೊದಲು

ಈ ಆಮ್ಲದ ವಿಷಯದಲ್ಲಿ ಮುನ್ನೆಚ್ಚರಿಕೆಯ ಮೊದಲ ಹೆಜ್ಜೆ, ಇದು ನಿಜಕ್ಕೂ ಬೇಕೇ ಎಂದು ಕೇಳಿಕೊಳ್ಳುವುದು. ಬೇರೆ ವಿಧಾನದಿಂದ ಆಗುವ ಕೆಲಸಕ್ಕೆ ಇದನ್ನು ಬಳಸಬಾರದು. ಬಳಸಲೇಬೇಕಾದರೆ ಸಾಧ್ಯವಾದಷ್ಟು ತೆಳುವಾದ ದ್ರಾವಣವನ್ನು, ಅಂದಿನ ಕೆಲಸಕ್ಕೆ ಬೇಕಾದಷ್ಟೇ ತೆಗೆದುಕೊಳ್ಳಬೇಕು.

ಎಂದಿಗೂ ಒಬ್ಬರೇ ಕೆಲಸ ಮಾಡಬಾರದು. ರಾತ್ರಿಯ ವೇಳೆ, ರಜಾದಿನಗಳಲ್ಲಿ ಬಾಟಲಿ ತೆರೆಯಬಾರದು. ಕೆಲಸ ಸುಸ್ಥಿತಿಯಲ್ಲಿರುವ ಫ್ಯೂಮ್ ಹುಡ್‌ನೊಳಗೇ ನಡೆಯಬೇಕು. ಪ್ರಯೋಗಾಲಯಗಳಲ್ಲಿ ಎಲ್ಲದಕ್ಕೂ ಬಳಸುವ ತೆಳ್ಳನೆಯ ರಬ್ಬರ್ ಕೈಗವಸು ಇದಕ್ಕೆ ಸಾಲದು. ಅದರ ಮೇಲೆ ನಿಯೋಪ್ರೀನ್ ಅಥವಾ ಬ್ಯುಟೈಲ್ ರಬ್ಬರಿನ ದಪ್ಪ, ಉದ್ದದ ಕೈಗವಸು ಬೇಕು. ಹನಿ ಬಿದ್ದರೆ ಕೂಡಲೇ ಬದಲಾಯಿಸಬೇಕು, ಸೂಜಿಮೊನೆಯಷ್ಟು ತೂತಿದ್ದರೂ ಎಸೆಯಬೇಕು. ಕಣ್ಣಿಗೆ ಮುಚ್ಚುಗನ್ನಡಕ, ಅದರ ಮೇಲೆ ಮುಖಕವಚ, ಎದೆಯಿಂದ ಮೊಣಕಾಲಿನ ಕೆಳಗಿನವರೆಗೆ ಆಮ್ಲ ತಡೆಯುವ ಏಪ್ರನ್, ಪಾದ ಮುಚ್ಚುವ ಬೂಟುಗಳು ಅವಶ್ಯ. ಪರ್ತ್‌ನ ತಂತ್ರಜ್ಞರ ತೊಡೆಗಳ ಮೇಲೆ ಅಂತಹ ಏಪ್ರನ್ ಇದ್ದಿದ್ದರೆ ಫಲಿತಾಂಶ ಬೇರೆಯಾಗಿರುತ್ತಿತ್ತು.

ಪಾತ್ರೆ, ಅಳತೆಗೊಳವೆ, ತ್ಯಾಜ್ಯದ ಬಾಟಲಿ ಎಲ್ಲವೂ ಪಾಲಿಥೀನ್ ಅಥವಾ ಟೆಫ್ಲಾನ್‌ನದಾಗಿರಬೇಕು. ತ್ಯಾಜ್ಯವನ್ನು ಮರೆತು ಗಾಜಿನ ಬಾಟಲಿಗೆ ಸುರಿದರೆ ಅದು ಒಳಗಿನಿಂದ ಸವೆದು, ಅನಿಲ ತುಂಬಿ ಒಡೆಯಬಹುದು. ಚೆಲ್ಲಿದ ಆಮ್ಲದ ಮೇಲೆ ಮರಳು ಸುರಿಯುವುದೂ ತಪ್ಪು. ಮರಳು ಸಿಲಿಕಾ ಆಗಿರುವುದರಿಂದ ವಿಷಾನಿಲ ಹೊರಬರುತ್ತದೆ. ಅಲ್ಪ ಪ್ರಮಾಣದ ಚೆಲ್ಲಿಕೆಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಸೂಕ್ತ, ಅದೂ ತರಬೇತಿ ಪಡೆದವರ ಕೈಯಿಂದ.

ಲೆಕ್ಕದ ಪುಸ್ತಕದಲ್ಲಿ ಇಲ್ಲದ ಸಾಲು

ಆಸಿಡ್ ದಾಳಿಗಳಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2013ರ ಜುಲೈ 18ರಂದು ನೀಡಿದ ಆದೇಶ ಅಂಗಡಿಗಳಿಗೆ ಮಾತ್ರವಲ್ಲದೆ ಶಿಕ್ಷಣ ಸಂಸ್ಥೆಗಳು ಮತ್ತು ಸಂಶೋಧನಾ ಪ್ರಯೋಗಾಲಯಗಳಿಗೂ ಅನ್ವಯಿಸುತ್ತದೆ. ಆಮ್ಲದ ಬಳಕೆಯ ಬಗ್ಗೆ ದಾಖಲೆ ಪುಸ್ತಕ ಇಡಬೇಕು, ಅದನ್ನು ಉಪವಿಭಾಗದ ದಂಡಾಧಿಕಾರಿಗೆ ಸಲ್ಲಿಸಬೇಕು, ದಾಸ್ತಾನಿಗೆ ಒಬ್ಬರನ್ನು ಹೊಣೆಗಾರರನ್ನಾಗಿ ಮಾಡಬೇಕು, ಪ್ರಯೋಗಾಲಯದಿಂದ ಹೊರಹೋಗುವವರನ್ನು ತಪಾಸಣೆ ಮಾಡಬೇಕು ಎಂದು ಅದು ಹೇಳುತ್ತದೆ. ಹೆಣ್ಣುಮಕ್ಕಳ ಮೇಲೆ ನಡೆದ ಕ್ರೌರ್ಯದ ಹಿನ್ನೆಲೆಯಲ್ಲಿ ಇದು ಅಗತ್ಯವಾಗಿದ್ದ ಆದೇಶ.

ಆದರೆ ಅದರ ಉದ್ದೇಶ ಆಮ್ಲ ಹೊರಗೆ ಹೋಗದಂತೆ ತಡೆಯುವುದು. ಪ್ರಯೋಗಾಲಯದ ಒಳಗೆ ಅದನ್ನು ಕೈಯಲ್ಲಿ ಹಿಡಿದು ನಿಂತವರ ರಕ್ಷಣೆಯ ಹೊಣೆ ಆಯಾ ಸಂಸ್ಥೆಯದೇ. ಎಷ್ಟು ಲೀಟರ್ ಬಂತು, ಎಷ್ಟು ಖರ್ಚಾಯಿತು ಎಂಬ ಕಲಂಗಳ ಪಕ್ಕದಲ್ಲಿ ಇನ್ನೂ ಒಂದು ಕಲಂ ಸೇರಿಸುವುದು ಕಷ್ಟವೇನಲ್ಲ: ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇದೆಯೇ, ಅದರ ಅವಧಿ ಎಂದಿಗೆ ಮುಗಿಯುತ್ತದೆ?

ಈ ಪ್ರಶ್ನೆ ದುಬಾರಿಯದ್ದಲ್ಲ. ಸಿದ್ಧ ಜೆಲ್ ಎಲ್ಲ ಔಷಧ ಅಂಗಡಿಗಳಲ್ಲೂ ಸಿಗುವ ವಸ್ತುವಲ್ಲದಿದ್ದರೂ, ಆಮ್ಲವನ್ನು ತರಿಸುವಾಗಲೇ ಜೊತೆಗೆ ತರಿಸಿಕೊಳ್ಳಬಹುದು. ಶೇ. 10ರ ಕ್ಯಾಲ್ಸಿಯಂ ಗ್ಲುಕೋನೇಟ್ ಚುಚ್ಚುಮದ್ದಿನ ದ್ರಾವಣ ಆಸ್ಪತ್ರೆಗಳಲ್ಲಿ ಸಾಮಾನ್ಯ ಔಷಧ. ಅದರ ಒಂದು ಪಾಲನ್ನು ನೀರಿನಲ್ಲಿ ಕರಗುವ ಲೂಬ್ರಿಕೆಂಟ್ ಜೆಲ್ಲಿಯ ಮೂರು ಪಾಲಿನೊಡನೆ ಬೆರೆಸಿ ತುರ್ತು ವೇಳೆಯಲ್ಲಿ ವೈದ್ಯರು ಜೆಲ್ ಸಿದ್ಧಪಡಿಸಬಲ್ಲರು. ಆದ್ದರಿಂದ ಸಂಸ್ಥೆಯ ಆರೋಗ್ಯ ಕೇಂದ್ರಕ್ಕೂ ಹತ್ತಿರದ ಆಸ್ಪತ್ರೆಗೂ ‘ನಮ್ಮಲ್ಲಿ ಈ ಆಮ್ಲ ಬಳಕೆಯಲ್ಲಿದೆ’ ಎಂದು ಮೊದಲೇ ತಿಳಿಸಿಟ್ಟಿರುವುದು ವಿವೇಕ. ವೆಲ್ಡಿಂಗ್ ಶೆಡ್ಡುಗಳಲ್ಲಿ ಪೇಸ್ಟ್ ಹಚ್ಚುವ ಕಾರ್ಮಿಕರಿಗೂ ಈ ಮಾಹಿತಿ ಕನ್ನಡದಲ್ಲಿ, ಡಬ್ಬಿಯ ಪಕ್ಕದ ಗೋಡೆಯ ಮೇಲೆ ದೊರೆಯಬೇಕು.

ವಿದ್ಯಾರ್ಥಿಗಳಿಗೆ ಹಾಗೂ ಅವರ ಪೋಷಕರಿಗೆ ಹೇಳಬೇಕಾದ ಮಾತು ಇಷ್ಟೆ. ಹೈಡ್ರೋಫ್ಲೋರಿಕ್ ಆಮ್ಲ ಬಳಸಬೇಕೆಂದು ಮಾರ್ಗದರ್ಶಕರು ತಿಳಿಸಿದಾಗ ‘ಜೆಲ್ ಎಲ್ಲಿದೆ, ಜೊತೆಗೆ ಯಾರಿರುತ್ತಾರೆ?’ ಎಂದು ಕೇಳುವುದು ಉದ್ಧಟತನವಲ್ಲ. ಆ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಬಾಟಲಿಯ ಮುಚ್ಚಳ ಮುಚ್ಚಿಯೇ ಇರಲಿ.